ರಸ್ತೆಯ ಮೇಲ್ಪದರ ಮತ್ತು ವಾಹನಗಳ ಸದ್ದು: ಕಾಮಗಾರಿಗೆ ಮುನ್ನ ನಿವಾಸಿಗಳು ನೋಡಬೇಕಾದದ್ದು

ನಿಮ್ಮ ಬಡಾವಣೆಯ ರಸ್ತೆಗೆ ಹೊಸದಾಗಿ ಡಾಂಬರು ಹಾಕುವುದೋ ಬೆಂಗಳೂರಿನ ಹಲವು ರಸ್ತೆಗಳಂತೆ ವೈಟ್ ಟಾಪಿಂಗ್ (ಹಳೆಯ ಡಾಂಬರಿನ ಮೇಲೆ ಕಾಂಕ್ರೀಟ್ ಪದರ) ಮಾಡುವುದೋ ಎಂಬ ಮಾತು ನಡೆಯುತ್ತಿದ್ದರೆ, ಅಲ್ಲಿ ಕೇಳಿಬರುವ ಸದ್ದು ಎಲ್ಲಿಂದ ಹುಟ್ಟುತ್ತಿದೆ ಎಂಬುದನ್ನು ಮೊದಲು ಗುರುತಿಸಿಕೊಳ್ಳಿ. ಕಾರುಗಳು ಗಂಟೆಗೆ ಸುಮಾರು 40 ಕಿ.ಮೀ. ವೇಗವನ್ನು ದಾಟಿದ ಮೇಲೆ ಎಂಜಿನ್ನಿಗಿಂತ ಟೈರಿನ ಸದ್ದೇ ಮೇಲಾಗುತ್ತದೆ; ಲಾರಿ, ಬಸ್ಸುಗಳಲ್ಲಿ ಇದು ಇನ್ನೂ ಹೆಚ್ಚಿನ ವೇಗದಲ್ಲಿ ಆಗುತ್ತದೆ. ಆದ್ದರಿಂದ ಹಾರ್ನ್ ಮತ್ತು ಎಂಜಿನ್ ಸದ್ದೇ ತುಂಬಿರುವ ಅಡ್ಡರಸ್ತೆಯಲ್ಲಿ ಮೇಲ್ಪದರ ಬದಲಿಸಿ ಹೆಚ್ಚಿನ ಲಾಭವಿಲ್ಲ. ವರ್ತುಲ ರಸ್ತೆಯ ಪಕ್ಕದಲ್ಲಿ ಮಾತ್ರ, ಅದರಲ್ಲೂ ರಸ್ತೆ ಖಾಲಿಯಾಗಿ ವಾಹನಗಳು ವೇಗವಾಗಿ ಓಡುವ ರಾತ್ರಿಯಲ್ಲಿ, ವ್ಯತ್ಯಾಸ ಚೆನ್ನಾಗಿ ತಿಳಿಯುತ್ತದೆ. ವಸತಿ ಪ್ರದೇಶಕ್ಕೆ 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳು ವಿಧಿಸಿರುವ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್.

ಡಾಂಬರಿನ ವಿಷಯದಲ್ಲಿ ಮುಖ್ಯವಾಗಿ ಕೇಳಬೇಕಾದದ್ದು ಜಲ್ಲಿಯ ಗಾತ್ರ. ಮೇಲ್ಪದರದ ಜಲ್ಲಿ ದಪ್ಪವಾದಷ್ಟೂ ಟೈರಿನ ಮೇಲಿನ ಉಬ್ಬುಗಳು ಹೆಚ್ಚು ಬಡಿತಕ್ಕೆ ಸಿಕ್ಕಿ ಕಂಪಿಸುತ್ತವೆ. ಹಾಗೆಂದು ಮೇಲ್ಮೈ ಗಾಜಿನಂತೆ ನುಣುಪಾಗಿದ್ದರೂ ಆಗದು, ಏಕೆಂದರೆ ಟೈರಿನ ಕಚ್ಚುಗಳಲ್ಲಿ ಸಿಕ್ಕಿದ ಗಾಳಿಗೆ ದಾರಿಯಿಲ್ಲದೆ ಅದು ಸಿಳ್ಳಿನಂತೆ ಹೊರನುಗ್ಗುತ್ತದೆ. ಸಣ್ಣ ಜಲ್ಲಿ, ನಡುನಡುವೆ ಗಾಳಿಗೆ ಎಡೆ ಇರುವ ಸಮತಟ್ಟಾದ ಮೇಲ್ಮೈ ಒಳ್ಳೆಯದು. ನೆದರ್ಲೆಂಡ್ಸ್‌ನ ಹೆದ್ದಾರಿಗಳಲ್ಲಿ ಬಳಸುವ, ಸುಮಾರು ಶೇ 20ರಷ್ಟು ರಂಧ್ರಗಳಿರುವ ಡಾಂಬರು ಸದ್ದನ್ನು ಹೀರಿಕೊಳ್ಳುತ್ತದೆ. ಆದರೆ ನಿಧಾನ ಸಂಚಾರದ, ಧೂಳು ತುಂಬಿದ ನಮ್ಮ ಬೀದಿಗಳಲ್ಲಿ ಆ ರಂಧ್ರಗಳು ಬೇಗ ಮುಚ್ಚಿಹೋಗುವುದರಿಂದ ನಾನು ಅದನ್ನು ಸೂಚಿಸುವುದಿಲ್ಲ.

ಕಾಂಕ್ರೀಟ್ ಎಂದರೆ ಗದ್ದಲವೇ ಎಂದು ತೀರ್ಮಾನಿಸುವುದು ಸರಿಯಲ್ಲ. ಬಹುಪಾಲು ತೊಂದರೆ ಅದರ ಮೇಲೆ ಎಳೆಯುವ ಗೀರುಗಳ ದಿಕ್ಕಿನಿಂದ ಬರುತ್ತದೆ. ರಸ್ತೆಗೆ ಅಡ್ಡಲಾಗಿ, ಸಮನಾದ ಅಂತರದಲ್ಲಿ ಗೀರು ಹಾಕಿದರೆ ಒಂದೇ ಶ್ರುತಿಯ, ಕಿವಿಗೆ ಕಿರಿಕಿರಿಯಾಗುವ ಕೊರೆತ ಕೇಳಿಸುತ್ತದೆ. ವಾಹನ ಸಾಗುವ ದಿಕ್ಕಿನಲ್ಲೇ ಗೀರು ಎಳೆಯುವಂತೆ ಕಾಮಗಾರಿ ಶುರುವಾಗುವ ಮುನ್ನ ಲಿಖಿತವಾಗಿ ಕೋರಿ. ಕಾಂಕ್ರೀಟ್ ಹಲಗೆಗಳ (ಸ್ಲ್ಯಾಬ್) ನಡುವಿನ ಕೀಲುಗಳು ಎತ್ತರ ತಗ್ಗಾಗದಂತೆ ನೋಡಿಕೊಳ್ಳುವಂತೆಯೂ ಕೇಳಿ, ಏಕೆಂದರೆ ‘ಟಕ್ ಟಕ್’ ಸದ್ದು ಹುಟ್ಟುವುದು ಅಲ್ಲಿಯೇ. ಈಗಾಗಲೇ ಗಟ್ಟಿಯಾದ ಕಾಂಕ್ರೀಟಿಗೂ ಉಪಾಯವಿದೆ: ವಜ್ರದ ಅಲಗುಗಳಿಂದ ಮೇಲ್ಮೈಯನ್ನು ಉದ್ದುದ್ದಕ್ಕೆ ಉಜ್ಜಬಹುದು, ಇಲ್ಲವೇ ಅಮೆರಿಕದ ಅರಿಜೋನಾ ರಾಜ್ಯ 2003ರಿಂದ ಫೀನಿಕ್ಸ್ ನಗರದ ಹೆದ್ದಾರಿಗಳಲ್ಲಿ ಮಾಡಿದಂತೆ ರಬ್ಬರ್ ಬೆರೆಸಿದ ಡಾಂಬರಿನ ತೆಳು ಪದರ ಹೊದಿಸಬಹುದು. ಕಲ್ಲುಹಾಸು ಚೆಂದ ಕಂಡರೂ ವಾಹನ ವೇಗವಾಗಿ ಓಡುವ ಕಡೆ ಬೇಡ.

ಕೊನೆಗೆ, ಕಾಮಗಾರಿಗೆ ಮುಂಚೆ ಮತ್ತು ಆಮೇಲೆ ಫೋನಿನ ಶಬ್ದಮಾಪಕ ಆ್ಯಪ್‌ನಿಂದ ಸದ್ದನ್ನು ಅಳೆಯಿರಿ. ಅದೇ ಫೋನು, ಅದೇ ಜಾಗ, ಅದೇ ಹೊತ್ತು ಇರಲಿ. ಹದಿನೈದು ನಿಮಿಷದ ಸರಾಸರಿ ತೆಗೆದುಕೊಳ್ಳಿ. ಒದ್ದೆ ರಸ್ತೆ ಹೆಚ್ಚು ಸದ್ದು ಮಾಡುವುದರಿಂದ ಮಳೆಯ ದಿನ ಅಳೆಯಬೇಡಿ. ಫೋನಿನ ಅಂಕಿಯನ್ನು ಕಾನೂನಿನ ಮಿತಿಗೆ ಹೋಲಿಸಲಾಗದಿದ್ದರೂ ಎರಡು ಅಳತೆಗಳ ನಡುವಿನ ಅಂತರ ಉಪಯುಕ್ತವೇ: 3 ಡೆಸಿಬೆಲ್ ಇಳಿದಿದ್ದರೆ, ವಾಹನಗಳ ಸಂಖ್ಯೆಯೇ ಅರ್ಧವಾದಷ್ಟು ಸದ್ದು ತಗ್ಗಿದೆ ಎಂದರ್ಥ.