ನೆಟ್ ಪದೇ ಪದೇ ಹೋಗುತ್ತಿದೆಯೇ? ಮೊದಲು ಹೊತ್ತು ಬರೆದಿಡಿ

ತೀರ್ಥಹಳ್ಳಿ ಹತ್ತಿರ ನಮ್ಮ ಅಕ್ಕನ ಮನೆ. ಅಲ್ಲಿಗೆ ಫೈಬರ್ ಇಂಟರ್‌ನೆಟ್ ಬಂದ ಮೊದಲ ವರ್ಷ ಏನೂ ತೊಂದರೆ ಇರಲಿಲ್ಲ. ಆಮೇಲೆ ಕಾಟ ಶುರುವಾಯಿತು. ವಿಡಿಯೊ ಕಾಲ್‌ನಲ್ಲಿ ಮಾತಾಡುತ್ತಿರುವಾಗಲೇ ಅಕ್ಕನ ಮುಖ ಹಾಗೇ ನಿಂತುಬಿಡುತ್ತಿತ್ತು. ಮೂರು ನಿಮಿಷ ಬಿಟ್ಟು ಮತ್ತೆ ಕಾಲ್. "ನೆಟ್ ಹೋಗಿತ್ತು ಕಣೋ, ಈಗ ಬಂತು."

ಕಂಪನಿಗೆ ಫೋನ್ ಮಾಡಿದರೆ ಪ್ರತಿ ಸಲವೂ ಒಂದೇ ಉತ್ತರ: ರೂಟರ್ ಆಫ್ ಮಾಡಿ ಆನ್ ಮಾಡಿ. ಭಾವ ಬೇಸತ್ತು ಹೊಸ ರೂಟರ್ ತರಲು ಶಿವಮೊಗ್ಗಕ್ಕೆ ಹೊರಟಿದ್ದರು. ನಾನು ತಡೆದೆ. "ಒಂದು ವಾರ ಇರಿ ಭಾವ. ನೆಟ್ ಹೋದ ಹೊತ್ತು, ಬಂದ ಹೊತ್ತು ಬರೆದಿಡಿ, ಸಾಕು."

ಅಕ್ಕ ಅಡುಗೆಮನೆಯ ಕ್ಯಾಲೆಂಡರಿನಲ್ಲಿ, ಹಾಲಿನ ಲೆಕ್ಕದ ಪಕ್ಕದಲ್ಲೇ ಬರೆದಳು. ನಾಲ್ಕು ದಿನದ ಚೌಕಗಳ ಫೋಟೊ ನನಗೆ ಕಳಿಸಿದಳು. ಬೆಳಿಗ್ಗೆ 6.30 ಹೋಯ್ತು, 6.33 ಬಂತು. ಸಂಜೆ 6.40 ಹೋಯ್ತು, 6.43 ಬಂತು. ಮಾರನೇ ದಿನವೂ ಹೆಚ್ಚುಕಡಿಮೆ ಅದೇ ಹೊತ್ತು. ಆ ಹೊತ್ತಿಗೆ ರೂಟರ್ ಮುಂದೆ ನಿಂತು ನೋಡು ಅಂತ ಅಕ್ಕನ ಮಗಳಿಗೆ ಹೇಳಿದೆ. ಅವಳು ನೋಡಿದ್ದು ಇಷ್ಟು: ಎಲ್ಲ ಲೈಟೂ ಒಮ್ಮೆಲೇ ಆರಿದವು, ಆಮೇಲೆ ಒಂದೊಂದಾಗಿ ಹತ್ತಿಕೊಂಡವು. ಅದೇ ಕ್ಷಣದಲ್ಲಿ ಹಿತ್ತಲಲ್ಲಿ ಭಾವ ಟ್ಯಾಂಕಿಗೆ ನೀರು ತುಂಬಿಸಲು ಮೋಟರ್ ಹಾಕಿದ್ದರು.

ಮೋಟರ್ ಶುರುವಾಗುವಾಗ ತುಂಬಾ ಕರೆಂಟ್ ಎಳೆಯುತ್ತದೆ. ಅರೆಕ್ಷಣ ಮನೆಯ ವೋಲ್ಟೇಜ್ ಕುಸಿಯುತ್ತದೆ. ಒಳ್ಳೆಯ ಅಡಾಪ್ಟರ್ ಆ ಅರೆಕ್ಷಣವನ್ನು ತಡೆದುಕೊಳ್ಳುತ್ತದೆ. ಹಳತಾಗಿ ಒಳಗಿನ ಕೆಪಾಸಿಟರ್ ಸೊರಗಿದ್ದರೆ ತಡೆಯುವುದಿಲ್ಲ, ರೂಟರ್ ಆರಿ ಮತ್ತೆ ಹತ್ತುತ್ತದೆ. ಅದು ಪೂರ್ತಿ ಎದ್ದು, ಕಂಪನಿಯ ಯಂತ್ರದ ಜೊತೆ ಮತ್ತೆ ಸಂಪರ್ಕ ಹಿಡಿಯಲು ಎರಡು ಮೂರು ನಿಮಿಷ ಬೇಕು. ಅಡಾಪ್ಟರ್ ಬದಲಾಯಿಸಿದೆವು. ಕಾಟ ನಿಂತಿತು.

ಎಲ್ಲರ ಮನೆಯಲ್ಲೂ ಮೋಟರೇ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ಎಲ್ಲಿ ಕೆಟ್ಟಿದೆ ಎಂದು ತಿಳಿಯುವ ಮೊದಲೇ ದುಡ್ಡು ಸುರಿಯುವವರನ್ನು ನೋಡಿದರೆ ನನಗೆ ಸಂಕಟವಾಗುತ್ತದೆ. ಅದಕ್ಕೇ ಈ ಲೇಖನ. ಕ್ರಮವಾಗಿ ನೋಡುತ್ತಾ ಹೋಗೋಣ.

ಮೊದಲು ಲೈಟು, ಅಡಾಪ್ಟರ್

ನೆಟ್ ಹೋದಾಗ ಫೋನ್ ಬಿಟ್ಟು ರೂಟರ್ ನೋಡಿ. ಎಲ್ಲ ಲೈಟೂ ಆರಿ ಹತ್ತಿದರೆ ಅದು ಕರೆಂಟಿನ ಸಮಸ್ಯೆ. ನೀವು ನೋಡುವಷ್ಟರಲ್ಲಿ ಮುಗಿದುಹೋಗಿದ್ದರೆ ಬ್ರೌಸರಿನಲ್ಲಿ ರೂಟರಿನ ವಿಳಾಸ ಹಾಕಿ (ಆ ವಿಳಾಸ ಮುಂದೆ ಹೇಳಿದ್ದೇನೆ) ಅದರ ಪೇಜ್ ತೆರೆದು ಅಪ್‌ಟೈಮ್, ಅಂದರೆ ಆನ್ ಆಗಿ ಎಷ್ಟು ಹೊತ್ತಾಯಿತು ಎಂಬುದು, ಎಷ್ಟಿದೆ ನೋಡಿ. ವಾರದಿಂದ ಆಫ್ ಮಾಡದ ರೂಟರ್ 20 ನಿಮಿಷ ಅಂತ ತೋರಿಸಿದರೆ ನಡುವೆ ಅದು ಆರಿದೆ ಎಂದೇ ಅರ್ಥ.

ಅಡಾಪ್ಟರಿನ ಪಿನ್ ರೂಟರಿನಲ್ಲಿ ಸಡಿಲವಾಗಿದೆಯೇ, ಸ್ವಿಚ್ ಬೋರ್ಡಿನಲ್ಲಿ ಅಲ್ಲಾಡುತ್ತದೆಯೇ, ಮುಟ್ಟಿ ನೋಡಿ. ಹೊಸ ಅಡಾಪ್ಟರ್ ತರುವಾಗ ಹಳೆಯದನ್ನು ಅಂಗಡಿಗೆ ತೆಗೆದುಕೊಂಡೇ ಹೋಗಿ. ವೋಲ್ಟ್ ಅಷ್ಟಕ್ಕಷ್ಟೇ ಇರಬೇಕು. 12 ವೋಲ್ಟ್ ಇದ್ದಲ್ಲಿಗೆ 12 ವೋಲ್ಟೇ ಬೇಕು. ಆಂಪಿಯರ್ ಅಷ್ಟೇ ಇರಬಹುದು ಅಥವಾ ಜಾಸ್ತಿ ಇರಬಹುದು, ಕಡಿಮೆ ಇರಬಾರದು. ಪಿನ್ನಿನ ಪ್ಲಸ್ ಮೈನಸ್ ಗುರುತೂ ಒಂದೇ ಇರಬೇಕು. ಕರೆಂಟ್ ಪದೇ ಪದೇ ಹೋಗುವ ಊರಾದರೆ ರೂಟರಿಗೆಂದೇ ಬರುವ ಪುಟ್ಟ ಯುಪಿಎಸ್ ತಗೊಳ್ಳಿ. ಮಲೆನಾಡಿನ ಮನೆಗಳಲ್ಲಿ ನಾನು ಮೊದಲು ಹೇಳುವುದು ಇದನ್ನೇ.

ರೂಟರ್ ಮೇಲೆ ಧೂಳು ಬೀಳದಿರಲಿ ಅಂತ ಕ್ರೋಶಾ ಬಟ್ಟೆ ಹೊದಿಸುವವರು ಇದ್ದಾರೆ. ದಯವಿಟ್ಟು ತೆಗೆಯಿರಿ. ಸೆಟ್‌ಟಾಪ್ ಬಾಕ್ಸ್ ಮೇಲೆ ಇಟ್ಟಿದ್ದರೆ ಅಲ್ಲಿಂದಲೂ ಇಳಿಸಿ. ಬಿಸಿ ಹೆಚ್ಚಾದರೂ ರೂಟರ್ ತಡವರಿಸುತ್ತದೆ.

ಇನ್ನೊಂದು ಮಾತು. ರೂಟರ್ ಹಿಂದೆ ಒಂದು ಸಣ್ಣ ತೂತು ಇರುತ್ತದೆ, ರೀಸೆಟ್ ಅಂತ ಬರೆದಿರುತ್ತದೆ. ಅದಕ್ಕೆ ಪಿನ್ ಚುಚ್ಚಬೇಡಿ. ಆಫ್ ಮಾಡಿ ಆನ್ ಮಾಡುವುದೇ ಬೇರೆ, ರೀಸೆಟ್ಟೇ ಬೇರೆ. ರೀಸೆಟ್ ಮಾಡಿದರೆ ಕಂಪನಿಯವರು ಹಾಕಿಕೊಟ್ಟ ಯೂಸರ್‌ನೇಮ್, ಪಾಸ್‌ವರ್ಡ್, ಸೆಟ್ಟಿಂಗ್ ಎಲ್ಲ ಅಳಿಸಿಹೋಗಬಹುದು. ಆಮೇಲೆ ಅವರು ಬರುವ ತನಕ ನೆಟ್ಟೇ ಇಲ್ಲ.

ತಪ್ಪು ಮನೆಯೊಳಗೋ, ಹೊರಗೋ?

ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ಪರೀಕ್ಷೆ ಇದು. ನಿಮ್ಮ ಫೋನಿನಿಂದ ರೂಟರ್ ತನಕ ಒಂದು ದಾರಿ. ಅದು ಗಾಳಿಯಲ್ಲಿ ಹೋಗುವ ವೈಫೈ. ರೂಟರಿನಿಂದ ಹೊರಗೆ ಇನ್ನೊಂದು ದಾರಿ. ಅದು ಕಂಪನಿಯ ಲೈನ್. ಎರಡರಲ್ಲಿ ಯಾವುದು ಕಡಿದರೂ ನಮಗೆ ಕಾಣುವುದು ಅದೇ ಗಿರಗಿರ ತಿರುಗುವ ಚಕ್ರ. ಹಾಗಾಗಿ ಎರಡನ್ನೂ ಬೇರೆ ಬೇರೆ ಅಳೆಯಬೇಕು.

ವಿಂಡೋಸ್ ಲ್ಯಾಪ್‌ಟಾಪ್ ಇದ್ದರೆ ಕಮಾಂಡ್ ಪ್ರಾಂಪ್ಟ್ ತೆರೆಯಿರಿ. ಇಂಗ್ಲಿಷಿನಲ್ಲಿ ಪಿಂಗ್ (ping) ಎಂದು ಟೈಪ್ ಮಾಡಿ, ಒಂದು ಸ್ಪೇಸ್ ಬಿಟ್ಟು ರೂಟರಿನ ವಿಳಾಸ ಹಾಕಿ. ಪಿಂಗ್ ಅಂದರೆ ಆ ವಿಳಾಸವನ್ನು "ಇದ್ದೀಯಾ?" ಎಂದು ಕೇಳಿ, ಉತ್ತರ ಬರಲು ಹಿಡಿದ ಹೊತ್ತು ಅಳೆಯುವುದು. ಮತ್ತೆ ಒಂದು ಸ್ಪೇಸ್ ಬಿಟ್ಟು ಅಡ್ಡಗೆರೆ, ಅದಕ್ಕೆ ಅಂಟಿಸಿ ಟಿ ಅಕ್ಷರ (-t). ಎಂಟರ್ ಒತ್ತಿದರೆ ನೀವು ನಿಲ್ಲಿಸುವ ತನಕ ಅದು ಕೇಳುತ್ತಲೇ ಇರುತ್ತದೆ. ರೂಟರ್ ವಿಳಾಸ ಸಾಮಾನ್ಯವಾಗಿ 192.168.1.1 ಅಥವಾ 192.168.0.1. ಬೇರೆ ಇದ್ದರೆ ವೈಫೈ ಸೆಟ್ಟಿಂಗಿನಲ್ಲಿ ಗೇಟ್‌ವೇ ಎಂಬಲ್ಲಿ ಸಿಗುತ್ತದೆ. ಇನ್ನೊಂದು ಕಿಟಕಿ ತೆರೆದು ಅಲ್ಲಿ 8.8.8.8ಕ್ಕೆ ಹೀಗೇ ಪಿಂಗ್ ಮಾಡಿ. ಇದು ಗೂಗಲ್‌ನ ಸರ್ವರ್, ನಿಮ್ಮ ಮನೆಯ ಹೊರಗಿದೆ. ಲ್ಯಾಪ್‌ಟಾಪ್ ಇಲ್ಲವಾದರೆ ಫೋನಿಗೆ ಪಿಂಗ್ ಮಾಡುವ ಆ್ಯಪ್‌ಗಳಿವೆ.

ಎರಡು ಕಿಟಕಿಗಳನ್ನೂ ಪಕ್ಕಪಕ್ಕದಲ್ಲಿ ಓಡಲು ಬಿಡಿ. ನೆಟ್ ಹೋದಾಗ ನೋಡಿ. ರೂಟರಿನಿಂದ ಉತ್ತರ ಸರಾಗವಾಗಿ ಬರುತ್ತಿದೆ, 8.8.8.8ರಿಂದ ಮಾತ್ರ ಟೈಮ್ಡ್ ಔಟ್ ಅನ್ನುತ್ತಿದೆ ಅಂದರೆ ನಿಮ್ಮ ವೈಫೈ ಸರಿ ಇದೆ, ಲೈನ್ ಕೆಟ್ಟಿದೆ. ರೂಟರೇ ಉತ್ತರ ಕೊಡುತ್ತಿಲ್ಲ, ಲೈಟು ಮಾತ್ರ ಎಲ್ಲ ಸರಿ ಇವೆ ಅಂದರೆ ವೈಫೈ ಮೇಲೆ ಅನುಮಾನ. ಖಾತ್ರಿಯಾಗಬೇಕಾದರೆ ಲ್ಯಾಪ್‌ಟಾಪಿನಿಂದ ರೂಟರಿಗೆ ನೇರವಾಗಿ ಲ್ಯಾನ್ ಕೇಬಲ್ ಹಾಕಿ ನೋಡಿ. ಕೇಬಲ್‌ನಲ್ಲಿ ಒಂದು ಸಲವೂ ಕಡಿಯದಿದ್ದರೆ ತಪ್ಪು ವೈಫೈನದೇ.

ಎರಡೂ ಕಡೆಯಿಂದ ಉತ್ತರ ಬರುತ್ತಿದೆ, ಆದರೂ ವೆಬ್‌ಸೈಟ್ ತೆರೆಯುತ್ತಿಲ್ಲ ಅಂದರೆ ಬಹುಪಾಲು ಡಿಎನ್ಎಸ್ ತೊಂದರೆ. ವೆಬ್‌ಸೈಟಿನ ಹೆಸರು ಕೊಟ್ಟರೆ ಅದರ ಅಂಕಿಯ ವಿಳಾಸ ಹುಡುಕಿಕೊಡುವುದು ಡಿಎನ್ಎಸ್ ಕೆಲಸ. ರೂಟರಿನಲ್ಲಿ ಡಿಎನ್ಎಸ್ ಜಾಗಕ್ಕೆ 8.8.8.8 ಅಥವಾ 1.1.1.1 ಹಾಕಿ ನೋಡಿ.

ಮೋಸಹೋಗಬಹುದಾದ ಜಾಗ ಒಂದಿದೆ. ಹೊರಗಿನ ಉತ್ತರ ಬರುತ್ತದೆ, ಆದರೆ ಅದು ಬರಲು ಹಿಡಿಯುವ ಹೊತ್ತು 20 ಮಿಲಿಸೆಕೆಂಡ್ ಇದ್ದದ್ದು 600, 800ಕ್ಕೆ ಏರಿ ಕೂರುತ್ತದೆ. ಕಂಪನಿಯನ್ನು ಬೈಯುವ ಮೊದಲು ಮನೆಯವರ ಫೋನ್ ನೋಡಿ. ಮದುವೆ ಮುಗಿಸಿ ಬಂದ ರಾತ್ರಿ ನಾಲ್ಕು ಫೋನಿನಿಂದ ವಿಡಿಯೊಗಳು ಬ್ಯಾಕಪ್ ಆಗುತ್ತಿರುತ್ತವೆ. ಕಳಿಸುವ ದಾರಿ ತುಂಬಿಹೋದರೆ ಬರುವ ದಾರಿಯೂ ತಡವಾಗುತ್ತದೆ. ಬ್ಯಾಕಪ್ ನಿಲ್ಲಿಸಿದ ಕೂಡಲೇ ಪಿಂಗ್ ಇಳಿದರೆ ಕಾರಣ ಸಿಕ್ಕಿತು.

ವೈಫೈನದೇ ತಪ್ಪಾದರೆ

ರೂಟರ್ ಎಲ್ಲಿದೆ? ಹೆಚ್ಚಿನ ಮನೆಗಳಲ್ಲಿ ಲೈನ್ ಹಾಕಲು ಬಂದವರಿಗೆ ಎಲ್ಲಿ ಸುಲಭವೋ ಅಲ್ಲಿರುತ್ತದೆ. ಬಾಗಿಲ ಪಕ್ಕ, ಟಿವಿ ಹಿಂದೆ, ಕೆಲವೊಮ್ಮೆ ಕಬ್ಬಿಣದ ಬೀರುವಿನ ಮಗ್ಗುಲಲ್ಲಿ. ಕಬ್ಬಿಣ, ದೊಡ್ಡ ಕನ್ನಡಿ, ನೀರಿನ ಟ್ಯಾಂಕ್, ಆರ್‌ಸಿಸಿ ಗೋಡೆ ಇವೆಲ್ಲ ಸಿಗ್ನಲ್ಲಿಗೆ ಶತ್ರುಗಳು. ಒಂದೂವರೆ ಅಡಿ ದಪ್ಪದ ಹಳೆಯ ಮಣ್ಣಿನ ಗೋಡೆ, ಕರಾವಳಿಯ ಕೆಂಪುಕಲ್ಲಿನ ಗೋಡೆಯೂ ಕಡಿಮೆಯೇನಿಲ್ಲ. ಮನೆಯ ನಡುವಿನಲ್ಲಿ, ಎದೆಮಟ್ಟಕ್ಕಿಂತ ಮೇಲೆ, ಸುತ್ತ ಖಾಲಿ ಇರುವ ಕಡೆ ಇಡಿ.

ಸಿಗ್ನಲ್ ಕಡ್ಡಿಗಳನ್ನು ಪೂರ್ತಿ ನಂಬಬೇಡಿ. ಆಂಡ್ರಾಯ್ಡ್ ಫೋನಿಗೆ ವೈಫೈ ಅನಲೈಸರ್ ಎಂಬಂಥ ಉಚಿತ ಆ್ಯಪ್‌ಗಳಿವೆ. ಅವು ಸಿಗ್ನಲ್ಲಿನ ಬಲವನ್ನು ಡಿಬಿಎಂ ಎಂಬ ಅಳತೆಯಲ್ಲಿ ತೋರಿಸುತ್ತವೆ. ಅಂಕಿಗೆ ಮೈನಸ್ ಇರುತ್ತದೆ, ಸೊನ್ನೆಗೆ ಹತ್ತಿರವಾದಷ್ಟೂ ಒಳ್ಳೆಯದು. ಮೈನಸ್ 50 ಚೆನ್ನಾಗಿದೆ. ವಿಡಿಯೊ ಕಾಲ್ ಕಡಿಯದೆ ನಡೆಯಬೇಕಾದರೆ ಮೈನಸ್ 67ರ ಆಸುಪಾಸು ಬೇಕು. ಮೈನಸ್ 80 ಅಂದರೆ ಹೆಸರಿಗಷ್ಟೇ ಸಿಗ್ನಲ್. ಫೋನ್ ಹಿಡಿದು ಎಲ್ಲ ಕೋಣೆಗೂ ಹೋಗಿ, ಎಲ್ಲೆಲ್ಲಿ ಎಷ್ಟಿದೆ ಬರೆದುಕೊಳ್ಳಿ. ರೂಟರನ್ನು ಒಂದೆರಡು ಅಡಿ ಸರಿಸಿ ಮತ್ತೆ ನೋಡಿ. ಕೆಲವೊಮ್ಮೆ ಅಷ್ಟರಲ್ಲೇ ಕೆಲಸ ಮುಗಿಯುತ್ತದೆ.

ರೂಟರ್ ಸರಿಸುವಾಗ ತೆಳ್ಳಗಿನ ಫೈಬರ್ ವೈರಿನ ಬಗ್ಗೆ ಎಚ್ಚರ. ಅದರೊಳಗೆ ಇರುವುದು ಗಾಜಿನ ಎಳೆ. ಸುತ್ತಿಡಬೇಕಾದರೆ ಬಳೆಗಿಂತ ಚಿಕ್ಕ ಸುತ್ತು ಮಾಡಬೇಡಿ. ಬಾಗಿಲ ಸಂದಿಯಲ್ಲಿ ಸಿಕ್ಕಿಸಬೇಡಿ. ತುದಿಯನ್ನು ಕಿತ್ತು ಕಣ್ಣಿಟ್ಟು ನೋಡುವುದಂತೂ ಬೇಡವೇ ಬೇಡ. ಅದರಲ್ಲಿ ಬರುವ ಲೇಸರ್ ಬೆಳಕು ನಮಗೆ ಕಾಣುವುದಿಲ್ಲ. ವೈರು ಸಾಲದಿದ್ದರೆ ಉದ್ದದ್ದನ್ನು ಹಾಕಿಕೊಡಲು ಕಂಪನಿಯವರಿಗೇ ಹೇಳಿ.

ಇನ್ನು ಪಕ್ಕದ ಮನೆಯವರ ವೈಫೈ. ಊರ ಕಡೆ ಒಂಟಿ ಮನೆಗೆ ಈ ತೊಂದರೆ ಇಲ್ಲ. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಆ್ಯಪ್ ತೆರೆದರೆ ಇಪ್ಪತ್ತು ಮೂವತ್ತು ಹೆಸರು ಕಾಣುತ್ತವೆ, ಅಲ್ವಾ? ಮನೆಯ ವೈಫೈ ಸಾಮಾನ್ಯವಾಗಿ ಓಡುವುದು 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ಪಟ್ಟಿಗಳಲ್ಲಿ. ಚಾನೆಲ್ ಅಂದರೆ ಆ ಪಟ್ಟಿಯೊಳಗಿನ ಒಂದೊಂದು ದಾರಿ. 2.4 ಗಿಗಾಹರ್ಟ್ಸ್‌ನಲ್ಲಿ ನಮ್ಮಲ್ಲಿ 13 ಚಾನೆಲ್‌ಗಳಿದ್ದರೂ ಒಂದಕ್ಕೊಂದು ತಾಗದೆ ನಿಲ್ಲುವುದು 1, 6, 11 ಈ ಮೂರು. ಒಂದೇ ಚಾನೆಲ್‌ನಲ್ಲಿರುವ ರೂಟರ್‌ಗಳು ಬೀದಿ ನಲ್ಲಿಯ ಮುಂದೆ ಕೊಡ ಹಿಡಿದು ನಿಂತವರ ಹಾಗೆ. ಒಬ್ಬರಾದ ಮೇಲೆ ಒಬ್ಬರು, ನಿಧಾನವಾದರೂ ಸಾಲು ಸಾಗುತ್ತದೆ. ಯಾರೋ 3ನೇ ಚಾನೆಲ್ ಇಟ್ಟುಕೊಂಡರೆ ಅವರು ಸಾಲಿಗೂ ನಿಲ್ಲುವುದಿಲ್ಲ, 1 ಮತ್ತು 6 ಎರಡರಲ್ಲೂ ಗದ್ದಲ ಎಬ್ಬಿಸುತ್ತಾರೆ. ಆದ್ದರಿಂದ ಈ ಮೂರರಲ್ಲಿ ಜನ ಕಡಿಮೆ ಇರುವುದನ್ನೇ ಆರಿಸಿ. ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ.

ಮೈಕ್ರೊವೇವ್ ಒಲೆ ಕೆಲಸ ಮಾಡುವುದೂ ಸುಮಾರು 2.45 ಗಿಗಾಹರ್ಟ್ಸ್‌ನಲ್ಲೇ. ಅನ್ನ ಬಿಸಿ ಮಾಡುವಾಗಲೇ ನೆಟ್ ಹೋಗುತ್ತಿದ್ದರೆ ಅದು ಕಾಕತಾಳೀಯ ಅಲ್ಲ.

ರೂಟರ್ ಇರುವ ಕೋಣೆಯಲ್ಲಿ, ಪಕ್ಕದ ಕೋಣೆಯಲ್ಲಿ 5 ಗಿಗಾಹರ್ಟ್ಸ್ ಬಳಸಿ. ಅಲ್ಲಿ ಜಾಗ ಜಾಸ್ತಿ, ವೇಗವೂ ಜಾಸ್ತಿ. ಆದರೆ ಗೋಡೆ ದಾಟುವ ಶಕ್ತಿ ಕಡಿಮೆ. ಎರಡಕ್ಕೂ ಒಂದೇ ಹೆಸರಿದ್ದು ಫೋನ್ ಅತ್ತಿತ್ತ ಹಾರುತ್ತಿದ್ದರೆ ಬೇರೆ ಬೇರೆ ಹೆಸರಿಟ್ಟು ನೋಡಿ. 5ರಲ್ಲೂ ಒಂದು ಸೂಕ್ಷ್ಮ ಇದೆ. 52ರಿಂದ 144ರವರೆಗಿನ ಚಾನೆಲ್‌ಗಳನ್ನು ರೇಡಾರ್‌ಗಳೂ ಬಳಸುತ್ತವೆ. ರೇಡಾರಿನಂಥ ಸದ್ದು ಕೇಳಿದರೆ ರೂಟರ್ ಆ ಚಾನೆಲ್ ಬಿಟ್ಟು ಹೋಗಲೇಬೇಕು, ಅದು ನಿಯಮ. ಆಗ ವೈಫೈ ಹೆಸರೇ ಸ್ವಲ್ಪ ಹೊತ್ತು ಮಾಯವಾಗಬಹುದು. ಚಾನೆಲ್ಲನ್ನು 36ರಿಂದ 48ರೊಳಗೆ ಅಥವಾ 149ರಿಂದ ಮೇಲಕ್ಕೆ ಇಟ್ಟರೆ ಈ ಕಾಟ ಇಲ್ಲ.

ಸಿಗ್ನಲ್ ಸಿಗದ ಕೋಣೆಗೆಂದು ರಿಪೀಟರ್ (ವೈಫೈ ಸಿಗ್ನಲ್ ಹಿಡಿದು ಮತ್ತೆ ಹರಡುವ ಪೆಟ್ಟಿಗೆ) ತಂದು ಅದೇ ಕೋಣೆಯಲ್ಲಿ ಸಿಕ್ಕಿಸುವವರು ತುಂಬಾ ಜನ. ರಿಪೀಟರಿಗೇ ಸಿಗ್ನಲ್ ಸಿಗದಿದ್ದರೆ ಅದು ನಿಮಗೆ ಏನು ಕೊಡಬೇಕು? ಅದನ್ನು ನಡುದಾರಿಯಲ್ಲಿ, ಸಿಗ್ನಲ್ ಇನ್ನೂ ಚೆನ್ನಾಗಿರುವ ಕಡೆ ಹಾಕಬೇಕು. ಹಾಗೆ ಹಾಕಿದರೂ ಸಾಮಾನ್ಯ ರಿಪೀಟರಿನಲ್ಲಿ ವೇಗ ಸುಮಾರು ಅರ್ಧಕ್ಕೆ ಇಳಿಯುತ್ತದೆ. ದೊಡ್ಡ ತೊಟ್ಟಿಮನೆ, ಎರಡು ಮಹಡಿ ಮನೆಗೆ ನನ್ನ ಸಲಹೆ ಕೇಳಿದರೆ, ಕ್ಯಾಟ್ 5ಇ ಲ್ಯಾನ್ ಕೇಬಲ್ ಎಳೆದು ಆ ತುದಿಗೆ ಇನ್ನೊಂದು ರೂಟರನ್ನು ಆ್ಯಕ್ಸೆಸ್ ಪಾಯಿಂಟ್ ಮೋಡ್‌ನಲ್ಲಿ, ಅಂದರೆ ವೈಫೈ ಹರಡುವ ಕೆಲಸ ಮಾತ್ರ ಮಾಡುವ ಹಾಗೆ, ಹಾಕಿ. ಆ ಕೇಬಲ್ 100 ಮೀಟರ್ ತನಕ ಒಂದು ಗಿಗಾಬಿಟ್ ವೇಗ ಒಯ್ಯುತ್ತದೆ. ಗೋಡೆಗೆ ಒಂದು ತೂತು ಕೊರೆಯುವ ಕಷ್ಟ ಇದೆ, ಆದರೆ ಒಮ್ಮೆ ಮಾಡಿದರೆ ವರ್ಷಗಟ್ಟಲೆ ಆ ಕಡೆ ತಿರುಗಿ ನೋಡಬೇಕಿಲ್ಲ.

ಲೈನಿನದೇ ತಪ್ಪಾದರೆ

ಫೈಬರ್ ರೂಟರಿನಲ್ಲಿ ಪಾನ್ ಎಂಬ ಲೈಟು ಹಸಿರಾಗಿ ಅಲುಗಾಡದೆ ಉರಿಯಬೇಕು. ಎಲ್‌ಒಎಸ್ ಎಂಬುದು ಕೆಂಪಗೆ ಮಿನುಗಿದರೆ ಬೆಳಕು ಮನೆ ತನಕ ಬರುತ್ತಿಲ್ಲ. ಎಲ್ಲೋ ಕಡಿದಿದೆ, ಇಲ್ಲವೇ ವಿಪರೀತ ಬಾಗಿದೆ. ಮಲೆನಾಡಿನಲ್ಲಿ ಮರದಿಂದ ಮರಕ್ಕೆ ಕಟ್ಟಿದ ವೈರಿನ ಮೇಲೆ ಕೊಂಬೆ ಬೀಳುತ್ತದೆ, ಅಳಿಲು ಕಡಿಯುತ್ತದೆ, ಮಳೆಗಾಲದಲ್ಲಿ ಜಾಯಿಂಟ್ ಬಾಕ್ಸಿಗೆ ನೀರು ನುಗ್ಗುತ್ತದೆ.

ಪೂರ್ತಿ ಕಡಿಯದೆ ಬೆಳಕು ಮಂಕಾದಾಗಲೇ ಕಾಟ ಜಾಸ್ತಿ. ಆಗ ನೆಟ್ ಬಂದು ಬಂದು ಹೋಗುತ್ತದೆ. ರೂಟರಿನ ಪೇಜಿನಲ್ಲಿ ಆರ್‌ಎಕ್ಸ್ ಪವರ್ (Rx Power) ಎಂಬ ಅಂಕಿ ಹುಡುಕಿ. ರೂಟರಿಗೆ ಬಂದು ಮುಟ್ಟುವ ಬೆಳಕಿನ ಬಲ ಅದು. ಇದೂ ಡಿಬಿಎಂ ಲೆಕ್ಕವೇ. ಮನೆಗಳಿಗೆ ಬರುವ ಮಾಮೂಲಿ ಫೈಬರ್ ಲೈನಿನಲ್ಲಿ ಮೈನಸ್ 27 ಎಂಬುದು ಕೊನೆಯ ಅಂಚು. ಮೈನಸ್ 20ರ ಆಸುಪಾಸಿದ್ದರೆ ನಿಶ್ಚಿಂತೆ. ಮೈನಸ್ 25 ದಾಟಿ ಕೆಳಗಿಳಿದರೆ ಗಾಳಿಮಳೆ ಬಂದ ದಿನ ಕಡಿಯುವ ಸಾಧ್ಯತೆ ಇದೆ. ಇದನ್ನು ನಾವು ಸರಿಮಾಡಲು ಆಗುವುದಿಲ್ಲ. ಲೈನ್‌ಮನ್ ಬಂದು ಜಾಯಿಂಟ್ ಹಾಕಬೇಕು.

ದೂರು ಕೊಡುವಾಗ "ನೆಟ್ ಸರಿ ಬರ್ತಿಲ್ಲ" ಅನ್ನಬೇಡಿ. "ಲ್ಯಾನ್ ಕೇಬಲ್ ಹಾಕಿ ನೋಡಿದ್ದೇನೆ, ರೂಟರಿಗೆ ಪಿಂಗ್ ಸರಿ ಇದೆ, ಹೊರಗೆ ಹೋಗುತ್ತಿಲ್ಲ, ಆರ್‌ಎಕ್ಸ್ ಪವರ್ ಮೈನಸ್ 28 ಇದೆ, ಈ ವಾರ ಇಷ್ಟಿಷ್ಟು ಹೊತ್ತಿಗೆ ಕಡಿದಿದೆ" ಎನ್ನಿ. ಆಫ್ ಮಾಡಿ ಆನ್ ಮಾಡಿ ಎಂದು ಹೇಳಲು ಅವರಿಗೆ ಜಾಗವೇ ಉಳಿಯುವುದಿಲ್ಲ. ದೂರಿನ ಡಾಕೆಟ್ ನಂಬರ್ ಕೇಳಿ ಪಡೆಯಿರಿ, ಅದನ್ನೂ ಕ್ಯಾಲೆಂಡರಿನಲ್ಲಿ ಬರೆದಿಡಿ. ದೇಶದ ಟೆಲಿಕಾಂ ನಿಯಂತ್ರಣ ಸಂಸ್ಥೆ ಟ್ರಾಯ್‌ನ 2012ರ ನಿಯಮದ ಪ್ರಕಾರ ಕಂಪನಿಗಳಲ್ಲಿ ದೂರು ಕೇಂದ್ರದ ಮೇಲೆ ಮೇಲ್ಮನವಿ ಪ್ರಾಧಿಕಾರ ಎಂಬುದು ಇರಬೇಕು. ಮೊದಲ ದೂರಿಗೆ ಸರಿಯಾದ ಉತ್ತರ ಸಿಗದಿದ್ದರೆ ಅದೇ ಡಾಕೆಟ್ ನಂಬರ್ ಹಾಕಿ ಅಲ್ಲಿಗೆ ಬರೆಯಿರಿ, ಕ್ಯಾಲೆಂಡರಿನ ಫೋಟೊ ಮತ್ತು ಪಿಂಗ್ ಕಿಟಕಿಯ ಸ್ಕ್ರೀನ್‌ಶಾಟ್ ಜೊತೆಗಿಡಿ. ಇದಕ್ಕೆ ಶುಲ್ಕ ಏನೂ ಇಲ್ಲ.