ಚೀಟಿ ಡಬ್ಬಿಯೊಳಗಿನ ಮೂರನೇ ಸೀಸನ್

ಮೊದಲೇ ಹೇಳಿಬಿಡುತ್ತೇನೆ. ಜನ ಕಾಲದಲ್ಲಿ ಹಿಂದೆ ಮುಂದೆ ಓಡಾಡುವ ಜರ್ಮನ್ ವೆಬ್ ಸರಣಿ ‘ಡಾರ್ಕ್’ ಇನ್ನೂ ನೋಡದವರು ಇಲ್ಲಿಗೇ ನಿಲ್ಲಿಸುವುದು ಒಳ್ಳೆಯದು. ಕತೆಯ ಕೊನೆಯೂ ಇದರಲ್ಲಿ ಬರುತ್ತದೆ.

ಇದೆಲ್ಲ ಶುರುವಾದದ್ದು ಒಂದು ಸಣ್ಣ ಜಗಳದಿಂದ. 2019ರ ಜೂನ್‌ನಲ್ಲಿ ಎರಡನೇ ಸೀಸನ್ ಬಂದಾಗ ಉಡುಪಿ ಕಡಿಯಾಳಿಯ ನಮ್ಮ ಮನೆಯಲ್ಲಿ ಎಲ್ಲರೂ ಕೂತು ನೋಡಿದೆವು. ಮುಗಿದು ವಾರ ಆಗಿರಲಿಲ್ಲ. “ಆ ಮುಖವೆಲ್ಲ ಗಾಯದ ಕಲೆ ಇರುವ ಆಡಮ್ ನಮ್ಮ ಹೀರೋ ಯೋನಸ್ಸೇ ಅಂತ ನಾನು ಮೊದಲೇ ಹೇಳಿದ್ದೆ” ಅಂದ ಅಣ್ಣ. “ಹೇಳಿದ್ದು ನಾನು. ನೀವು ಗೊರಕೆ ಹೊಡೀತಾ ಇದ್ರಿ” ಅಂದರು ಅತ್ತಿಗೆ. ನನ್ನ ನೆನಪಿನ ಪ್ರಕಾರ ಇಬ್ಬರೂ ಹೇಳಿರಲಿಲ್ಲ, ಹೇಳಿದ್ದು ನಾನು. ಒಂದು ಊಹೆಗೆ ಮೂರು ವಾರಸುದಾರರು! ಮುಂದಿನ ಸೀಸನ್‌ಗೆ ಯಾರು ಏನು ಹೇಳಿದರು ಅಂತ ಬರೆದೇ ಇಡಬೇಕು ಅಂತ ಆವತ್ತೇ ತೀರ್ಮಾನ ಮಾಡಿದೆ.

ಮೂರನೆಯದು ಬಂದದ್ದು 2020ರ ಜೂನ್ 27, ಶನಿವಾರ. ಕತೆಯಲ್ಲಿ ವಿಂಡೆನ್ ಊರಿಗೆ ಪ್ರಳಯ ಬರುವ ತಾರೀಕೂ ಅದೇ. ಸರಣಿ ಕಟ್ಟಿದ ಬಾರಾನ್ ಬೋ ಓಡಾರ್ ಮತ್ತು ಯಾಂಟ್ಯೆ ಫ್ರೀಸ ಅವರ ಕತೆಯ ದಿನವೇ ಬಿಡುಗಡೆಯ ದಿನವಾಯಿತು. ಇಲ್ಲಿ ಕೊರೊನಾ, ಹೊರಗೆ ಕಾರ್ತೆಲ್ ತಿಂಗಳ ಮಳೆ. ಪ್ರಳಯಕ್ಕೆ ಬೇರೆ ಸೆಟ್ ಬೇಕಿರಲಿಲ್ಲ.

ನೋಡುವವರು ಏಳು ಜನ. ದೊಡ್ಡಮ್ಮ, ಅಣ್ಣ, ಅತ್ತಿಗೆ, ಅವರ ಪಿಯುಸಿ ಮಗಳು, ನಾನು, ಪಕ್ಕದ ಮನೆಯ ಭಟ್ರು, ಮಹಡಿ ಮೇಲೆ ಬಾಡಿಗೆಗಿದ್ದ ಹುಬ್ಬಳ್ಳಿ ಹುಡುಗ. ಅವನು ಮಣಿಪಾಲದಲ್ಲಿ ಓದುತ್ತಿದ್ದ, ಊರಿಗೆ ಹೋಗದೆ ಇಲ್ಲೇ ಉಳಿದಿದ್ದ. ದೊಡ್ಡಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಪರದೆಯ ಕೆಳಗೆ ಬರುವ ಸಾಲುಗಳನ್ನು ನಾನು ಜೋರಾಗಿ ಹೇಳಬೇಕು, ಅರ್ಧ ಕನ್ನಡ, ಅರ್ಧ ತುಳು.

ಮೇ ತಿಂಗಳಲ್ಲೇ ತಯಾರಿ ಶುರು ಮಾಡಿದೆ. ಮೊದಲ ಎರಡು ಸೀಸನ್‌ನ 18 ಕಂತುಗಳನ್ನು ಮತ್ತೆ ನೋಡಿದೆವು. ಹಳೆಯ ಕ್ಯಾಲೆಂಡರ್ ಹಾಳೆಗಳನ್ನು ಮಗುಚಿ ಅಂಟಿಸಿ ವಂಶವೃಕ್ಷ ಬರೆದೆ. 1953 ಕಪ್ಪು ಪೆನ್, 1986 ನೀಲಿ, 2019 ಕೆಂಪು. ಅಪ್ಪನಿಂದ ಮಗನಿಗೆ ಗೆರೆ ಎಳೆಯುತ್ತಾ ಹೋದೆ. ಮೂರನೇ ದಿನಕ್ಕೆ ಅದು ಬಲೆಯ ಹಾಗೆ ಸಿಕ್ಕುಗಟ್ಟಿತು. ಮಿಕೆಲ್ ಎಂಬ ಹುಡುಗ 2019ರಿಂದ 1986ಕ್ಕೆ ಹೋಗಿ, ಅಲ್ಲೇ ದೊಡ್ಡವನಾಗಿ, ಹನ್ನಾಳನ್ನು ಮದುವೆಯಾಗಿ ಯೋನಸ್‌ನ ಅಪ್ಪನಾಗುತ್ತಾನೆ. ಯೋನಸ್ ಪ್ರೀತಿಸುವ ಮಾರ್ತಾ ಈ ಮಿಕೆಲ್‌ನ ಅಕ್ಕ. ಇಂಗ್ಲಿಷ್‌ನಲ್ಲಿ ‘ಆಂಟ್’ ಅಂದರೆ ಮುಗಿಯಿತು. ನಾನು ಚಿಕ್ಕಮ್ಮ ಅನ್ನಲಾ, ಅತ್ತೆ ಅನ್ನಲಾ? ಲೆಕ್ಕ ಹಾಕಿ “ಅವಳು ಇವನಿಗೆ ಅತ್ತೆ ಆಗ್ಬೇಕು” ಅಂದೆ. ದೊಡ್ಡಮ್ಮ ಹಪ್ಪಳ ಮುರಿಯುವುದನ್ನು ನಿಲ್ಲಿಸಿದರು.

“ಬರಿ ಯಾವುದು?”

ಘಟ್ಟದ ಮೇಲಿನವರಿಗಾಗಿ ಒಂದು ಮಾತು. ಅಳಿಯಕಟ್ಟಿನ ನಮ್ಮಲ್ಲಿ ಬರಿ ಅಂದರೆ ಗೋತ್ರದ ಹಾಗೆ, ಆದರೆ ತಾಯಿಯಿಂದ ಬರುತ್ತದೆ. ಒಂದೇ ಬರಿಯವರು ಮದುವೆ ಆಗುವ ಹಾಗಿಲ್ಲ. ದೊಡ್ಡಮ್ಮ ಬೆರಳು ಮಡಚಿ ಲೆಕ್ಕ ಹಾಕಿದರು. ಮಾರ್ತಾಳದ್ದು ಅವಳಮ್ಮ ಕತರೀನಾಳ ಬರಿ. ಯೋನಸ್‌ನದ್ದು ಹನ್ನಾಳ ಬರಿ. “ಬರಿ ಬೇರೆಯೇ. ಆದ್ರೂ ಅತ್ತೆ ಅಲ್ವಾ, ಛೀ!”

ಆಮೇಲೆ ನಾನು ಹಾಳೆ ಹರಿದು ಹಾಕಿ ತಾಯಂದಿರಿಂದ ಗೆರೆ ಎಳೆದೆ. ತುಂಬಾ ಸಲೀಸಾಯಿತು. ಷಾರ್ಲೊಟ್ ಎಲಿಸಬೆತ್‌ಳ ತಾಯಿ, ಎಲಿಸಬೆತ್ ಷಾರ್ಲೊಟ್‌ಳ ತಾಯಿ ಎಂಬ ಗಂಟಿನಲ್ಲಿ ಅಣ್ಣ ತಲೆ ಹಿಡಿದುಕೊಂಡು ಕೂತಿದ್ದ. ದೊಡ್ಡಮ್ಮನಿಗೆ ಅದು ಸಮಸ್ಯೆಯೇ ಅಲ್ಲ. “ಅವಳ ಬರಿ ಇವಳಿಗೆ, ಇವಳ ಬರಿ ಅವಳಿಗೆ. ಒಂದೇ ಆಯ್ತಲ್ಲ!” ಈ ಸರಣಿ ನೋಡುವವರಿಗೆ ನನ್ನ ಸಲಹೆ ಇಷ್ಟೇ, ಅಮ್ಮಂದಿರ ಕಡೆಯಿಂದ ಬರೆಯಿರಿ.

ಕತೆಯಲ್ಲಿ ಕಾಲ 33 ವರ್ಷಕ್ಕೊಂದು ಸುತ್ತು ಬರುತ್ತದೆ. ಈ ಸುತ್ತಿನ ಬಗ್ಗೆ ಭಟ್ರಿಗೆ ಬೇರೆಯೇ ಹುರುಪು. ಚಾಂದ್ರಮಾನದ ವರ್ಷ ಸೌರಮಾನಕ್ಕಿಂತ ಸುಮಾರು 11 ದಿನ ಗಿಡ್ಡ. 33 ವರ್ಷ ಕೂಡಿದರೆ ಹೆಚ್ಚುಕಡಿಮೆ ಒಂದು ಇಡೀ ವರ್ಷದ ವ್ಯತ್ಯಾಸ. “ಜರ್ಮನಿಯವರು ಅಷ್ಟು ಕಾದು ಊರು ಹಾಳು ಮಾಡ್ಕೊಂಡ್ರು. ನಾವು ಎರಡೂಮುಕ್ಕಾಲು ವರ್ಷಕ್ಕೊಮ್ಮೆ ಅಧಿಕಮಾಸ ಹಾಕಿ ಸರಿ ಮಾಡ್ತೇವೆ” ಅಂದರು. ಆ ವರ್ಷ ಸೆಪ್ಟೆಂಬರ್‌ನಲ್ಲಿ ಅಧಿಕ ಆಶ್ವಯುಜ ಬರುವುದಿತ್ತು. ಅಧಿಕಮಾಸದಲ್ಲಿ 33 ಅಪೂಪ ದಾನ ಕೊಡುವ ಪದ್ಧತಿಯನ್ನೂ ನೆನಪಿಸಿದರು. ಅಣ್ಣ ಬಿಡಲಿಲ್ಲ. “ಎಂಟು ಮಠದ ಎರಡೆರಡು ವರ್ಷದ ಪರ್ಯಾಯ ಎರಡು ಸುತ್ತು ಬಂದರೆ 32. ಇವರದ್ದು ಒಂದು ವರ್ಷ ಜಾಸ್ತಿ ಯಾಕೆ?” ಅಂತ ಅರ್ಧ ಗಂಟೆ ಕೊರೆದ.

ಪ್ರತಿಕ್ರಿಯೆ ಬರೆಸುವ ಕೆಲಸದಲ್ಲಿ ಮೊದಮೊದಲು ನಾನು ಪೂರ್ತಿ ಸೋತೆ. ಹಳೆಯ ಕಂತುಗಳ ಮೇಲೆ ಅಭ್ಯಾಸ ಮಾಡುವಾಗ “ಹೇಗಿತ್ತು?” ಅಂತ ಕೇಳುತ್ತಿದ್ದೆ. “ಲಾಯ್ಕ್ ಉಂಟು” ಅನ್ನುವುದು ಬಿಟ್ಟು ಬೇರೆ ಉತ್ತರ ಬರಲಿಲ್ಲ. ಅದರಿಂದ ಯಾರಿಗೇನು ಪ್ರಯೋಜನ? ಹಾಗಾಗಿ ಪ್ರಶ್ನೆ ಬದಲಾಯಿಸಿದೆ. ಎಲ್ಲಿ ಅರ್ಥ ಆಗಲಿಲ್ಲ? ಮುಂದೆ ಏನಾಗುತ್ತದೆ? ಇವೆರಡೇ. ಆಗ ಜನ ಬಾಯಿ ಬಿಟ್ಟರು. ಆದರೆ ಹೊಸ ತೊಂದರೆ ಶುರುವಾಯಿತು. ಅಣ್ಣ ಮೊದಲು ಮಾತಾಡಿದರೆ ಉಳಿದವರೆಲ್ಲ ಅದರ ಬಾಲ ಹಿಡಿಯುತ್ತಿದ್ದರು. ಹಾಗಾಗಿ ಕಂತು ಮುಗಿದ ಕೂಡಲೇ ಐದು ನಿಮಿಷ ಮೌನ, ಚೀಟಿ ಬರೆದು ಮಡಚಿ ಬಿಸ್ಕತ್ತಿನ ಡಬ್ಬಿಗೆ ಹಾಕಬೇಕು, ಆಮೇಲೆ ಎಷ್ಟು ಬೇಕಾದರೂ ಜಗಳ ಅಂತ ನಿಯಮ ಮಾಡಿದೆ. ದೊಡ್ಡಮ್ಮನ ಚೀಟಿಯನ್ನು ಒಳಗಿನ ಕೋಣೆಯಲ್ಲಿ ಅವರು ಹೇಳಿದ ಹಾಗೆ ನಾನೇ ಬರೆಯುತ್ತಿದ್ದೆ. ಮೇಲೆ ಕಂತಿನ ನಂಬರ್, ಕೆಳಗೆ ಹೆಸರು. ಹೆಸರು ಬೇಡ ಅಂತ ಮಗಳು ಹಟ ಮಾಡಿದಳು. ಹೆಸರಿಲ್ಲದಿದ್ದರೆ ಈ ಕಷ್ಟವೆಲ್ಲ ಯಾಕೆ?

ಶನಿವಾರ ಮೂರು ಕಂತು, ಭಾನುವಾರ ಮೂರು, ಸೋಮವಾರ ಎರಡು. ಮೊದಲ ಕಂತಿನಲ್ಲೇ ಇನ್ನೊಂದು ಲೋಕ ಬಂತು. ಅಲ್ಲಿ ಮಿಕೆಲ್ ಹಿಂದಕ್ಕೆ ಹೋಗಲೇ ಇಲ್ಲ, ಹಾಗಾಗಿ ಯೋನಸ್ ಹುಟ್ಟಿಯೇ ಇಲ್ಲ. ಆ ದಿನದ ಚೀಟಿಗಳಲ್ಲಿ ಸಿಟ್ಟೇ ಜಾಸ್ತಿ. “ಎರಡು ತಿಂಗಳು ಬಾಯಿಪಾಠ ಮಾಡಿದ್ದು ದಂಡ” ಅಂತ ಅತ್ತಿಗೆ ಬರೆದಿದ್ದರು. ಹುಬ್ಬಳ್ಳಿ ಹುಡುಗನದ್ದು ಒಂದೇ ಸಾಲು: “ವೊಲ್ಲರ್ ಕಣ್ಣಿಗೆ ಏನಾಗೇತಿ?” ವೊಲ್ಲರ್ ಅಂದರೆ ಕಣ್ಣಿಗೆ ಪಟ್ಟಿ ಕಟ್ಟಿಕೊಂಡು ಓಡಾಡುವ ಪೊಲೀಸಿನವನು. ಕಣ್ಣಿಗೆ ಏನಾಯಿತು ಅಂತ ಯಾರೂ ಹೇಳುವುದಿಲ್ಲ. ಇನ್ನೊಂದು ಲೋಕದಲ್ಲಿ ಅವನಿಗೆ ಕಣ್ಣಿದೆ, ಒಂದು ಕೈ ಇಲ್ಲ. ಎಂಟೂ ಕಂತಿನ ಚೀಟಿಯಲ್ಲಿ ಹುಡುಗ ಇದನ್ನೇ ಬರೆದ.

ಭಾನುವಾರ ಮಧ್ಯಾಹ್ನ ಕರೆಂಟ್ ಹೋಯಿತು. ಇನ್ವರ್ಟರ್ ಇತ್ತು, ಇಂಟರ್ನೆಟ್ ಇರಲಿಲ್ಲ. ಎರಡು ಗಂಟೆ ಎಲ್ಲರೂ ಪತ್ರೊಡೆ ತಿನ್ನುತ್ತಾ ಕೂತೆವು. ಅಷ್ಟರಲ್ಲಿ ಮಗಳ ಮುಖ ನೋಡಿ ನನಗೆ ಗೊತ್ತಾಯಿತು. ಅವಳು ರಾತ್ರಿ ಮೊಬೈಲಿನಲ್ಲಿ ಎಂಟನ್ನೂ ಮುಗಿಸಿದ್ದಳು. ಅಲ್ಲಿಂದ ಮುಂದೆ ಅವಳ ಚೀಟಿಗಳನ್ನು ಬೇರೆ ಕವರಿನಲ್ಲಿಟ್ಟೆ. ಕೊನೆ ಗೊತ್ತಿದ್ದವರ ಊಹೆ ಊಹೆಯಲ್ಲ.

ಏಳನೇ ಕಂತಿನ ಚೀಟಿ ನನಗೆ ಎಲ್ಲಕ್ಕಿಂತ ಮುಖ್ಯ. ಇನ್ನೊಂದೇ ಕಂತು ಬಾಕಿ, ಎಲ್ಲ ಹೇಗೆ ಮುಗಿಯುತ್ತದೆ? ಆವತ್ತು ಐದು ನಿಮಿಷದ ಬದಲು ಹತ್ತು ಕೊಟ್ಟೆ. ಆಮೇಲೆ ಎಂಟನೆಯದು ಹಾಕಿದೆವು. ಎರಡು ಲೋಕವೂ ಒಂದು ಗಾಯದಿಂದ ಹುಟ್ಟಿದ್ದು, ಅದರಾಚೆ ಮೂಲದ ಲೋಕವೊಂದಿದೆ ಅಂತ ಅಲ್ಲಿ ಗೊತ್ತಾಗುತ್ತದೆ. ಮಗ, ಸೊಸೆ, ಮೊಮ್ಮಗುವನ್ನು ಕಾರು ಅಪಘಾತದಲ್ಲಿ ಕಳೆದುಕೊಂಡ ಟಾನ್‌ಹೌಸ್ ಎಂಬ ಗಡಿಯಾರ ಮಾಡುವವನು, ಅವರನ್ನು ಮರಳಿ ಪಡೆಯಲು ಯಂತ್ರ ಮಾಡಿದ್ದು, ಲೋಕ ಒಡೆದದ್ದು. ಯೋನಸ್ ಮತ್ತು ಮಾರ್ತಾ ಆ ಅಪಘಾತ ತಪ್ಪಿಸಿ ತಾವೇ ಇಲ್ಲವಾಗುತ್ತಾರೆ.

ಕೊನೆಗೆ ಒಂದು ಊಟದ ಮನೆ. ಹೊರಗೆ ಮಳೆ. ವೊಲ್ಲರ್ ತನ್ನ ಕಣ್ಣಿನ ಕತೆ ಹೇಳಲು ಬಾಯಿ ತೆರೆಯುತ್ತಾನೆ, ಅಷ್ಟರಲ್ಲಿ ದೀಪ ಆರುತ್ತದೆ. ಹುಬ್ಬಳ್ಳಿ ಹುಡುಗ “ಅಯ್ಯಯ್ಯೋ!” ಅಂತ ಎದ್ದೇ ನಿಂತ. “ಅಲ್ಲಿಯೂ ಕರೆಂಟ್ ಹೋಯ್ತಾ?” ಅಂದರು ದೊಡ್ಡಮ್ಮ. ಬಸುರಿ ಹನ್ನಾ, ಯೋನಸ್ ಚೆಂದದ ಹೆಸರು ಅನ್ನುವಾಗ ಮಗಳು ಎರಡನೇ ಸಲ ನೋಡುತ್ತಿದ್ದರೂ ಅಳುತ್ತಿದ್ದಳು. ದೊಡ್ಡಮ್ಮನ ಚೀಟಿಯಲ್ಲಿ ಬರೆದದ್ದು: “ಹೆಸರು ಇಟ್ಟ ಕೂಡ್ಲೆ ಅವನೇ ಬರ್ತಾನಾ?”

ಡಬ್ಬಿಯನ್ನು ಆಗ ತೆರೆಯಲಿಲ್ಲ. ಆಗಸ್ಟ್ 22ರ ಚೌತಿಯವರೆಗೆ ಅಟ್ಟದಲ್ಲಿಟ್ಟೆ. ಈ ಎರಡು ತಿಂಗಳ ಅಂತರವೇ ಮುಖ್ಯ, ಮರುದಿನವೇ ತೆರೆದರೆ ಎಲ್ಲರಿಗೂ ನೆನಪಿರುತ್ತದೆ. ಚೌತಿ ಊಟ ಮುಗಿದ ಮೇಲೆ ಒಬ್ಬೊಬ್ಬರನ್ನೇ ಕೇಳಿದೆ, ಕೊನೆ ಮೊದಲೇ ಗೊತ್ತಾಗಿತ್ತಾ? ಅಣ್ಣನಿಗೆ ಗೊತ್ತಾಗಿತ್ತಂತೆ. “ಮೊದಲ ಸೀಸನ್‌ನಿಂದ ಗಡಿಯಾರ ಗಡಿಯಾರ ಅಂತಿದ್ರಲ್ಲ, ಅವನೇ ಅಂತ ನನಗೆ ಡೌಟ್ ಇತ್ತು.” ಅತ್ತಿಗೆಗೂ ಇತ್ತಂತೆ. ಮೂರನೇ ಲೋಕ ಇರಲೇಬೇಕು ಅಂತ ಭಟ್ರು ಲೆಕ್ಕ ಹಾಕಿದ್ದರಂತೆ. ನಾನೂ ಸುಮ್ನೆ ಕೂರಲಿಲ್ಲ. ಟಾನ್‌ಹೌಸ್ ಹೆಸರನ್ನು ಏಳನೇ ಕಂತಿನಲ್ಲೇ ಬರೆದಿದ್ದೆ ಅಂತ ದೇವರ ಮುಂದೆಯೇ ಹೇಳಿದೆ. ನನಗೆ ಬರೆದ ಪೆನ್ನು ಕೂಡ ನೆನಪಿತ್ತು.

ಡಬ್ಬಿ ತೆರೆದೆವು. ಏಳನೇ ಕಂತಿನ ಚೀಟಿಗಳನ್ನು ಹುಬ್ಬಳ್ಳಿ ಹುಡುಗ ಒಂದೊಂದಾಗಿ ಓದಿದ. ಅಣ್ಣ: “ಕ್ಲೌಡಿಯಾ ಎಲ್ಲರನ್ನೂ ಕೊಲ್ತಾಳೆ.” ಅತ್ತಿಗೆ: “ಇಬ್ಬರೂ ಒಂದಾಗ್ತಾರೆ, ಇಲ್ಲದಿದ್ರೆ ನಾಲ್ಕನೇ ಸೀಸನ್.” ಭಟ್ರು ಚೀಟಿಯಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಹಾಕಿದ್ದರು. ಟಾನ್‌ಹೌಸ್ ಹೆಸರು ಒಂದರಲ್ಲೂ ಇಲ್ಲ. ಯಾರೂ ಸುಳ್ಳು ಹೇಳುತ್ತಿರಲಿಲ್ಲ, ಅವರ ಮುಖ ನೋಡಿದರೆ ಗೊತ್ತಾಗುತ್ತಿತ್ತು. ಅಣ್ಣ ತನ್ನ ಅಕ್ಷರವನ್ನೇ ನಂಬದೆ ಚೀಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದ.

ಇನ್ನು ಉಳಿದದ್ದು ನನ್ನದು. “ಸಾಕು, ಪಾಯಸ ತಣ್ಣಗಾಗ್ತದೆ” ಅಂತ ಡಬ್ಬಿ ಮುಚ್ಚಲು ಹೋದೆ. ಮಗಳು ಕಸಿದುಕೊಂಡು ಓದಿದಳು.

“ಕೊನೆಗೆ ಯೋನಸ್ ಎದ್ದೇಳ್ತಾನೆ. ಎಲ್ಲ ಕನಸು.”

ಪೆನ್ನು ಮಾತ್ರ ಸರಿಯಾಗಿಯೇ ನೆನಪಿತ್ತು.