ಕ್ರಿಸ್‌ಮಸ್ ಹೊತ್ತಿನ ಲಂಡನ್‌ನಲ್ಲಿ ಸಂಜೆ ಸುತ್ತಾಟ: ಬೇಜಾರಾಗದಂತೆ ನೋಡುವುದು ಹೇಗೆ

ಡಿಸೆಂಬರ್‌ನ ಶನಿವಾರ ಸಂಜೆ 5ಕ್ಕೆ ಆಕ್ಸ್‌ಫರ್ಡ್ ಸರ್ಕಸ್‌ನಲ್ಲಿ ಟ್ಯೂಬ್ (ಲಂಡನ್ ಮೆಟ್ರೋ) ಇಳಿದು, ಅಲ್ಲಿಂದ ಬೀದಿಗಳ ಕ್ರಿಸ್‌ಮಸ್ ದೀಪ ನೋಡಿಕೊಂಡು ಹೋಗೋಣ ಅಂತ ಪ್ಲಾನ್ ಹಾಕಿದ್ದರೆ ದಯವಿಟ್ಟು ಬದಲಾಯಿಸಿ. ಬಂದವರೆಲ್ಲ ಹಾಕುವುದು ಅದೇ ಪ್ಲಾನ್, ತೊಂದರೆ ಇರುವುದೂ ಅಲ್ಲೇ. ಸ್ಟೇಷನ್‌ನಿಂದ ಮೇಲೆ ಬರುವಷ್ಟರಲ್ಲೇ ಸಾಕಾಗಿರುತ್ತದೆ. ಆಮೇಲೆ ಹಿಂದಿನವರು ತಳ್ಳಿದ ಕಡೆಗೆ ಕಾಲು ಹೋಗುತ್ತದೆ. ದೀಪ ನೋಡಲು ತಲೆ ಎತ್ತಿದರೆ ಯಾರದೋ ಶಾಪಿಂಗ್ ಬ್ಯಾಗಿನ ಮೂಲೆ ಮೊಣಕಾಲಿಗೆ ಬಡಿಯುತ್ತದೆ, ಮುಂದಿನವರೆಲ್ಲ ಫೋನ್ ಮೇಲೆತ್ತಿ ಹಿಡಿದಿರುತ್ತಾರೆ, ಸ್ಟ್ರಾಲರ್‌ನಲ್ಲಿ ಕೂತ ಮಗುವಿಗೆ ಕಾಣುವುದು ಬರೀ ಕೋಟುಗಳು. ಮನೆಯವರ ಜೊತೆ ಹಾಗೆ ಹೋದ ಸಂಜೆ ಅರ್ಧ ಗಂಟೆಯಲ್ಲಿ ಎಲ್ಲರೂ ಮಾತು ನಿಲ್ಲಿಸಿದ್ದರು. "ಇಷ್ಟೇನಾ?" ಅಂತ ಅಮ್ಮ ಕೇಳಿದರು. ಅಷ್ಟು ದೂರದಿಂದ ಬಂದವರ ಬಾಯಲ್ಲಿ ಆ ಮಾತು ಬರಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಒಂದು ವಿಷಯ ಗೊತ್ತಿದ್ದರೆ ಅರ್ಧ ಕೆಲಸ ಆದ ಹಾಗೆ. ಲಂಡನ್‌ನ ಹೆಸರುವಾಸಿ ದೀಪಗಳೆಲ್ಲ ಅಂಗಡಿ ಬೀದಿಯ ದೀಪಗಳು. ರೀಜೆಂಟ್ ಸ್ಟ್ರೀಟ್‌ನಲ್ಲಿ 1954ರಲ್ಲಿ ಇದನ್ನು ಶುರು ಮಾಡಿದ್ದೇ ಅಲ್ಲಿನ ವ್ಯಾಪಾರಿಗಳು, ಆಕ್ಸ್‌ಫರ್ಡ್ ಸ್ಟ್ರೀಟ್‌ಗೆ ಬಂದಿದ್ದು 1959ರಲ್ಲಿ. ಗಿರಾಕಿಗಳು ಬರಲಿ ಅಂತ ಹಾಕಿದ ದೀಪ ಅದು, ಅಂಗಡಿ ತೆರೆದಿರುವ ತನಕ ಗಿರಾಕಿಗಳು ಬಂದೇ ಬರುತ್ತಾರೆ. ಆದರೆ ಅಂಗಡಿ ಮುಚ್ಚಿದ ತಕ್ಷಣ ದೀಪ ಆರಿಸುವುದಿಲ್ಲ. ಹಾಗಾಗಿ ಆ ಬೀದಿಗಳನ್ನು ಕೊನೆಗೆ ಇಟ್ಟುಕೊಳ್ಳಿ, ರಾತ್ರಿ ಒಂಬತ್ತೂವರೆ ಮೇಲೆ. ಸಂಜೆಯನ್ನು ಊರಿನ ಇನ್ನೊಂದು ತುದಿಯಿಂದ ಶುರು ಮಾಡಿ. ಮಂಗಳವಾರ, ಬುಧವಾರ ಸಿಕ್ಕರೆ ಇನ್ನೂ ಒಳ್ಳೆಯದು.

ಆ ತುದಿ ಅಂದರೆ ಹಳೆಯ ಸಿಟಿ, ಬ್ಯಾಂಕುಗಳು, ಆಫೀಸುಗಳು ಇರುವ ಕಡೆ. ಡಿಸೆಂಬರ್ ಕೊನೆಯಲ್ಲಿ 4 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ, ಆದ್ದರಿಂದ ಮೂರೂವರೆ ಹೊತ್ತಿಗೆ ಮಾನ್ಯುಮೆಂಟ್ ಸ್ಟೇಷನ್‌ನಲ್ಲಿ ಇಳಿದು ಲೆಡನ್‌ಹಾಲ್ ಮಾರ್ಕೆಟ್‌ಗೆ ನಡೆಯಿರಿ. 1881ರಲ್ಲಿ ಕಟ್ಟಿದ ಮಾರ್ಕೆಟ್ ಇದು. ಮೇಲೆ ಗಾಜಿನ ಮಾಡು, ಬಣ್ಣ ಬಳಿದ ಕಬ್ಬಿಣದ ಕಂಬಗಳು, ಕಾಲಡಿ ಕಲ್ಲುಹಾಸು, ನಡುವೆ ದೊಡ್ಡ ಕ್ರಿಸ್‌ಮಸ್ ಮರ. ಮಳೆ ಬಂದರೂ ನೆನೆಯುವುದಿಲ್ಲ, ಲಂಡನ್ ಚಳಿಗಾಲದಲ್ಲಿ ಇದು ಸಣ್ಣ ಮಾತಲ್ಲ. ಶನಿವಾರ, ಭಾನುವಾರ ಆಫೀಸಿನವರು ಇಲ್ಲದ ಕಾರಣ ಇಲ್ಲಿ ಜನ ಕಡಿಮೆ, ಕೆಲವು ಅಂಗಡಿಯೂ ಮುಚ್ಚಿರುತ್ತವೆ. ನೋಡಲು ಬಂದವರಿಗೆ ಅದರಿಂದ ಏನೂ ನಷ್ಟವಿಲ್ಲ.

ಅಲ್ಲಿಂದ ಚೀಪ್‌ಸೈಡ್ ದಾರಿ ಹಿಡಿದು ಸೇಂಟ್ ಪಾಲ್ಸ್ ಅನ್ನುವ ದೊಡ್ಡ ಚರ್ಚ್ (ಕೆಥೀಡ್ರಲ್) ಕಡೆಗೆ ನಿಧಾನವಾಗಿ ನಡೆದರೂ ಇಪ್ಪತ್ತು ನಿಮಿಷ. ಹಗಲು ಕೆಥೀಡ್ರಲ್ ಒಳಗೆ ಹೋಗಲು ಟಿಕೆಟ್ ತೆಗೆಯಬೇಕು, ಅದೇನು ಕಡಿಮೆಯಲ್ಲ. ಆದರೆ ಬಹುತೇಕ ದಿನ ಸಂಜೆ 5ಕ್ಕೆ ಈವನ್‌ಸಾಂಗ್ ಅಂತ ಪ್ರಾರ್ಥನೆ ಇರುತ್ತದೆ, ಅದಕ್ಕೆ ದುಡ್ಡಿಲ್ಲ, ಯಾವ ಧರ್ಮದವರೂ ಹೋಗಿ ಕೂರಬಹುದು. ಅಷ್ಟು ದೊಡ್ಡ ಗುಮ್ಮಟದ ಕೆಳಗೆ ಕೋರಸ್ ಹಾಡು ಕೇಳುವ ಅನುಭವ ಯಾವ ದೀಪದ ಬೀದಿಯೂ ಕೊಡುವುದಿಲ್ಲ. ನನ್ನ ಮಟ್ಟಿಗೆ ಇಡೀ ಸಂಜೆಯಲ್ಲಿ ಬಿಡಬಾರದ್ದು ಇದೊಂದೇ. ನಾಲ್ಕೂವರೆಗೆ ಬಾಗಿಲ ಹತ್ತಿರ ಇರಿ, ಫೋನ್ ಒಳಗಿಡಿ. ಕ್ರಿಸ್‌ಮಸ್ ವಾರದಲ್ಲಿ ವೇಳೆ ಬದಲಾಗುತ್ತದೆ, ಹೊರಡುವ ಮುಂಚೆ ಅವರ ವೆಬ್‌ಸೈಟ್ ನೋಡಿಕೊಳ್ಳಿ.

ಹೊರಬಂದರೆ ಎದುರಿಗೇ ಮಿಲೇನಿಯಂ ಬ್ರಿಡ್ಜ್. ಅರ್ಧ ದಾರಿ ಹೋಗಿ ಹಿಂದಕ್ಕೆ ತಿರುಗಿ ಕೆಥೀಡ್ರಲ್ ನೋಡಿ, ಫೋಟೋ ಅಲ್ಲೇ ತೆಗೆಯಿರಿ. ನದಿಯ ಗಾಳಿ ಮುಖಕ್ಕೆ ಹೊಡೆಯುತ್ತದೆ, ಟೋಪಿ, ಮಫ್ಲರ್ ಎರಡೂ ಬೇಕು. ಆಚೆ ದಡದಲ್ಲಿ ಬಲಕ್ಕೆ ತಿರುಗಿ ಥೇಮ್ಸ್ ಪಕ್ಕದಲ್ಲೇ ನಡೆದರೆ ಸೌತ್‌ಬ್ಯಾಂಕ್‌ನ ಮರದ ಗೂಡಂಗಡಿಗಳು ಸಿಗುತ್ತವೆ. ಇಲ್ಲೂ ಜನ ಇರುತ್ತಾರೆ, ಆದರೆ ಪಕ್ಕದಲ್ಲಿ ನದಿ ಇರುವುದರಿಂದ ಉಸಿರು ಕಟ್ಟುವುದಿಲ್ಲ. ಮಿನ್ಸ್ ಪೈ ಅನ್ನುವ ಕ್ರಿಸ್‌ಮಸ್ ತಿಂಡಿಯ ಒಳಗೆ ಒಣದ್ರಾಕ್ಷಿ, ಸೇಬು, ಮಸಾಲೆ ಇರುತ್ತದೆ, ಆದರೆ ಕೆಲವರು ಅದಕ್ಕೆ ದನದ ಕೊಬ್ಬು ಸೇರಿಸುತ್ತಾರೆ. ಸಸ್ಯಾಹಾರಿಗಳು ಕೇಳಿ ತಗೊಳ್ಳಿ. ಟಾಯ್ಲೆಟ್ ಬೇಕಾದರೆ ನ್ಯಾಷನಲ್ ಥಿಯೇಟರ್ ಒಳಗೆ ಹೋಗಿ, ನಾಟಕದ ಟಿಕೆಟ್ ಇಲ್ಲದವರನ್ನೂ ಬಿಡುತ್ತಾರೆ, ಒಳಗೆ ಬೆಚ್ಚಗೂ ಇರುತ್ತದೆ.

ಮುಂದೆ ಗೋಲ್ಡನ್ ಜುಬಿಲಿ ಸೇತುವೆ ದಾಟಿದರೆ ಟ್ರಫಾಲ್ಗರ್ ಸ್ಕ್ವೇರ್ ಹತ್ತಿರ. ಅಲ್ಲಿನ ಮರ ನೋಡಿ "ಅಯ್ಯೋ, ಇದಾ?" ಅನ್ನುವವರು ತುಂಬ ಜನ. ಉದ್ದ ಇದೆ, 20 ಮೀಟರ್ ಮೇಲೆ, ಆದರೆ ಬಣ್ಣದ ಗೋಲಿ ಇಲ್ಲ, ಮಿಣಮಿಣ ದೀಪ ಇಲ್ಲ, ಮೇಲಿಂದ ಕೆಳಗೆ ನೇರವಾಗಿ ಇಳಿಬಿಟ್ಟ ಬಿಳಿ ದೀಪದ ಸರ ಅಷ್ಟೇ. ಅದು ನಾರ್ವೆಯವರ ಪದ್ಧತಿ, ಮರವೂ ಅವರದ್ದೇ. ಎರಡನೇ ಮಹಾಯುದ್ಧದಲ್ಲಿ ನಾರ್ವೆ ಜರ್ಮನಿಯ ಕೈಗೆ ಸಿಕ್ಕಾಗ ಅಲ್ಲಿನ ರಾಜ ಹಾಕೋನ್ ಮತ್ತು ಸರ್ಕಾರ ಲಂಡನ್‌ಗೆ ಬಂದು ಇಲ್ಲಿಂದಲೇ ಕೆಲಸ ನಡೆಸಿದರು. ಆ ನೆನಪಿಗೆ 1947ರಿಂದ ಪ್ರತಿ ವರ್ಷ ಓಸ್ಲೋ ನಗರ ಒಂದು ಮರ ಕಳಿಸುತ್ತದೆ. ಇದನ್ನು ಜೊತೆಗಿರುವವರಿಗೆ ಮರದ ಮುಂದೆ ನಿಲ್ಲುವ ಮುಂಚೆಯೇ ಹೇಳಿ, ಆಮೇಲೆ ಹೇಳಿದರೆ ಸಮಾಧಾನ ಮಾಡಿದ ಹಾಗಿರುತ್ತದೆ. ಡಿಸೆಂಬರ್‌ನಲ್ಲಿ ಬಹಳ ಸಂಜೆ ಮರದ ಕೆಳಗೆ ಕ್ಯಾರಲ್ (ಕ್ರಿಸ್‌ಮಸ್ ಹಾಡು) ಹಾಡುವ ತಂಡಗಳು ಇರುತ್ತವೆ, ನಿಂತು ಕೇಳಿ.

ಊಟ ಮುಗಿಸಿ ರೀಜೆಂಟ್ ಸ್ಟ್ರೀಟ್‌ಗೆ ಹೋಗುವಾಗ ಪಿಕಾಡಿಲಿ ಸರ್ಕಸ್ ಕಡೆಯಿಂದ ಹತ್ತಿ. ಬೀದಿ ಅಲ್ಲಿ ಬಿಲ್ಲಿನ ಹಾಗೆ ಬಾಗುತ್ತದೆ, ದೀಪದಲ್ಲಿ ಮಾಡಿದ, ರೆಕ್ಕೆ ಚಾಚಿದ ದೇವತೆಗಳು ಒಂದರ ಹಿಂದೆ ಒಂದು ಕಾಣಿಸಿಕೊಳ್ಳುತ್ತಾ ಬರುತ್ತವೆ. ಆಕ್ಸ್‌ಫರ್ಡ್ ಸರ್ಕಸ್ ಕಡೆಯಿಂದ ಬಂದರೆ ಆ ತಿರುವಿನ ಸೊಗಸು ಕೊನೆಗೆ ಸಿಗುತ್ತದೆ, ಅಷ್ಟರಲ್ಲಿ ಕಾಲು ಸೋತಿರುತ್ತದೆ. ಫೋಟೋ ತೆಗೆಯುವಾಗ ರಸ್ತೆ ಅಂಚಿನಲ್ಲಿ ನಿಲ್ಲಬೇಡಿ, ಸೈಕಲ್‌ನಲ್ಲಿ ಬಂದು ಫೋನ್ ಕಿತ್ತುಕೊಂಡು ಹೋಗುವುದು ಲಂಡನ್‌ನಲ್ಲಿ ಜಾಸ್ತಿ. ಗೋಡೆಗೆ ಬೆನ್ನು ಕೊಟ್ಟು ನಿಂತು ತೆಗೆಯಿರಿ.

ಕೋವೆಂಟ್ ಗಾರ್ಡನ್ ನೋಡಲೇಬೇಕು ಅಂದರೆ ಲೆಸ್ಟರ್ ಸ್ಕ್ವೇರ್‌ನಲ್ಲಿ ಇಳಿದು ಐದು ನಿಮಿಷ ನಡೆಯಿರಿ. ಕೋವೆಂಟ್ ಗಾರ್ಡನ್ ಸ್ಟೇಷನ್‌ನಲ್ಲಿ ಲಿಫ್ಟ್‌ಗೆ ಕ್ಯೂ ನಿಲ್ಲಬೇಕು, ಇಲ್ಲವಾದರೆ 193 ಮೆಟ್ಟಿಲು. ಹೈಡ್ ಪಾರ್ಕ್‌ನ ವಿಂಟರ್ ವಂಡರ್‌ಲ್ಯಾಂಡ್ ಅನ್ನುವ ಜಾತ್ರೆ ಮಕ್ಕಳಿಗೆ ಇಷ್ಟವಾಗುತ್ತದೆ, ಅದಕ್ಕೆ ಮುಂಚೆಯೇ ಬುಕ್ ಮಾಡಿ ಬೇರೆ ದಿನ ಇಡಿ.

ದಿನಾಂಕದ ವಿಷಯ. 25ರಂದು ಟ್ಯೂಬ್ ಇಲ್ಲ, ಬಸ್ಸೂ ಇಲ್ಲ, 24ರ ರಾತ್ರಿಯೂ ಬೇಗ ನಿಲ್ಲುತ್ತವೆ. 26ರಿಂದ ಸೇಲ್ ಗಲಾಟೆ. ನಿಮ್ಮ ರಜೆ ಜನವರಿ 2, 3ರ ತನಕ ಇದ್ದರೆ ಈ ಸುತ್ತಾಟವನ್ನು ಆಗ ಇಟ್ಟುಕೊಳ್ಳಿ. ಟ್ರಫಾಲ್ಗರ್ ಮರವೂ ಹೆಚ್ಚಿನ ಬೀದಿ ದೀಪಗಳೂ ಆಗ ಇನ್ನೂ ಇರುತ್ತವೆ, ಹೋಟೆಲ್ ರೂಮೂ ಸುಲಭವಾಗಿ ಸಿಗುತ್ತದೆ.